ಅಮ್ಮಣಿಯ ಎರಡು ಗುಂಡಿ

ಒಂದು ಗಾಡಿ ಹಟ್ಟಿಗೊಬ್ಬರಕ್ಕೆ ಆಗ ಒಂದೂಕಾಲು ರೂಪಾಯಿ. ನಂತೂರು ಗುಡ್ಡದಿಂದ ತರಗೆಲೆ ಗುಡಿಸಿ ತರುವ ಹೆಂಗಸರಿಗೆ ಹೊರೆಗೆ ಅರ್ಧಾಣೆ, ಮೇಲೆ ಬಾಯಿಗೆ ಎಲೆಯಡಿಕೆ. ಎಣ್ಣೆ ತೆಗೆದು ಒಣಗಿಸಿದ ಬೂತಾಯಿ ಮೀನಿನ ಗೊಬ್ಬರದ ಮಾತೇ ಬೇಡ. ಅದನ್ನು ಘಟ್ಟದ ಮೇಲಿನ ಕಾಫಿ ತೋಟದವರು ಕಡಲ ಬದಿಯಲ್ಲೇ ಮೂಟೆ ಕಟ್ಟಿಸಿ ಒಯ್ಯುತ್ತಿದ್ದರು, ಊರವರಿಗೆ ಉಳಿಯುತ್ತಿದ್ದದ್ದು ವಾಸನೆ ಮಾತ್ರ. ಇನ್ನು ಮೀನಿಗೆ ಉಪ್ಪು ಹಾಕುವ ಯಾರ್ಡಿನ ಕಸ. ತಲೆ, ಕರುಳು, ಕಿವಿರು, ನೆಲಕ್ಕೆ ಚೆಲ್ಲಿದ ಉಪ್ಪು ಎಲ್ಲ ಕಲೆಸಿಕೊಂಡ ಆ ರಾಶಿಗೆ ಬೆಲೆಯೇ ಇಲ್ಲ. ಗಾಡಿ ಬಾಡಿಗೆ ಆರಾಣೆ ಕೊಟ್ಟರೆ ಬೋಳೂರಿನ ಕಿಟ್ಟು ತಂದು ಸುರಿದು, ಮೂಗು ಮುಚ್ಚಿಕೊಂಡವರನ್ನು ನೋಡಿ ನಗುತ್ತ ಹೋಗುತ್ತಿದ್ದ.

ಆದರೆ ಅಗ್ಗದ ಮಾಲಿನ ಬೆಲೆಯನ್ನು ಬೇರೆ ಕಡೆ ಕೊಡಲೇಬೇಕಾಗುತ್ತದೆ. ಅಮ್ಮಣಿ ಅದನ್ನು ಮಳೆಗಾಲದ ಲೆಕ್ಕದಲ್ಲಿ ಕೊಡುತ್ತಿದ್ದಳು. ಯಾರ್ಡಿನ ಕಸವನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಉಪ್ಪು ಬೇರನ್ನು ತಿನ್ನುತ್ತದೆ. ಅದನ್ನು ಗುಂಡಿಯಲ್ಲಿ ಒಂದು ಪದರ ಕಸ, ಒಂದು ಪದರ ತರಗೆಲೆ ಎಂದು ಒಟ್ಟಿ, ಬಾಯಿ ತೆರೆದಿಟ್ಟು ಎರಡು ಮಳೆಗಾಲ ನೆನೆಸಬೇಕು. ಉಪ್ಪುನೀರು ಗುಂಡಿಯ ಅಡಿಯ ಕಲ್ಲುಚರಂಡಿಯಲ್ಲಿ ಇಳಿದು ಬೇಲಿಯಂಚಿನ ತೆಂಗಿನ ಬುಡಕ್ಕೆ ಹೋಗಬೇಕು. ತೆಂಗಿಗೆ ಉಪ್ಪೆಂದರೆ ಹಬ್ಬದೂಟ. ಆಮೇಲೆ ತೆಂಗಿನ ಗರಿಯ ಮಡಲು ಮುಚ್ಚಿ ಬಿಟ್ಟರೆ ಮೂರನೆಯ ವರ್ಷಕ್ಕೆ ಮೀನೆಂಬ ಗುರುತೇ ಇಲ್ಲದ, ನಾತವಿಲ್ಲದ ಕಪ್ಪು ಪುಡಿ. ಹಾಗಾಗಿ ಅವಳ ತೋಟದಲ್ಲಿ ಯಾವಾಗಲೂ ಎರಡು ಗುಂಡಿ. ಮಡಲು ಮುಚ್ಚಿದ್ದು ಹಳತು, ಬಾಯಿ ತೆರೆದದ್ದು ಹೊಸತು. ಹಳತನ್ನು ಹಿಡಿಹಿಡಿಯಾಗಿ ಬಳಸಿ ಮುಗಿಸುವಷ್ಟರಲ್ಲಿ ಹೊಸತು ಹಣ್ಣಾಗಿರುತ್ತಿತ್ತು.

ತೋಟ ಬಿಜೈಯ ಇಳಿಜಾರಿನಲ್ಲಿ. ಜಾಗ ಹ್ಯೂಬರ್ಟ್ ಪೊರ್ಬುಗಳದ್ದು. ಇಗರ್ಜಿಯ ಕಡೆ ಹೋಗುವ ದಾರಿಯಲ್ಲಿ ದೊಡ್ಡ ಮನೆ ಇದ್ದ ಒಡೆಯರು. ಚಾಲಗೇಣಿ ಅಮ್ಮಣಿಯ ಗಂಡ ಮುದ್ದುವಿನ ಹೆಸರಲ್ಲಿತ್ತು. ಚಾಲಗೇಣಿ ಎಂದರೆ ಒಡೆಯನಿಗೆ ಮನಸ್ಸಿರುವಷ್ಟು ದಿನದ ಗೇಣಿ, ಬರುವ ವರ್ಷದ ಭರವಸೆ ಅದರಲ್ಲಿಲ್ಲ. ಅಮ್ಮಣಿ ಮದುವೆಯಾಗಿ ಬಂದಾಗ ಅಲ್ಲಿ ಇದ್ದದ್ದು ಬರೀ ಮುರಕಲ್ಲು. ಬೇಸಗೆಯಲ್ಲಿ ಬರಿಗಾಲಿಟ್ಟರೆ ಚರ್ಮ ಸುಲಿಯುವ ಕೆಂಪು ಬಂಡೆ. ಮುದ್ದುವಿಗೆ ಎದೆಯ ಕಾಯಿಲೆ, ಎರಡು ಕೊಡ ನೀರು ಹೊತ್ತರೆ ಕೂತುಬಿಡುತ್ತಿದ್ದ. ಅಮ್ಮಣಿಯೇ ಕೆಳಗೆ ಹರಿಯುವ ತೋಡಿನ ಹೂಳು ಹೊತ್ತಳು, ಸುಡುಮಣ್ಣು ಮಾಡಿದಳು, ಗುಂಡಿ ತೋಡಿದಳು. ಮಳೆನೀರು ಮಣ್ಣನ್ನು ಎಳೆದುಕೊಂಡು ಹೋಗದ ಹಾಗೆ ಇಳಿಜಾರಿಗೆ ಅಡ್ಡಡ್ಡ ಲಾವಂಚದ ಸಾಲು ನೆಟ್ಟಳು. ನೆಲವನ್ನು ಒಂದು ದಿನವೂ ಬತ್ತಲೆ ಬಿಡಲಿಲ್ಲ. ಮಲ್ಲಿಗೆ ಸಾಲಿನ ನಡುವೆ ಹರಿವೆ, ಅದು ಮುಗಿದರೆ ಅಲಸಂಡೆ, ಅದೂ ಇಲ್ಲದಿದ್ದರೆ ತರಗೆಲೆಯ ಹೊದಿಕೆ. ಪ್ರಾಯವೆಲ್ಲ ಸುರಿದ ಮೇಲೆ ಕಲ್ಲಿನ ಮೇಲೆ ಮೊಣಕಾಲೆತ್ತರ ಮಣ್ಣು ನಿಂತಿತು. ಮಾರ್ಕೆಟ್ಟಿನ ಹೂವಿನ ಅಂಗಡಿಯವರು ಬಾಳೆನಾರಿನಲ್ಲಿ ಕಟ್ಟಿದ ಅವಳ ಮಲ್ಲಿಗೆ ಚೆಂಡನ್ನು ಮೂಸಿ ನೋಡದೆ ಕೊಳ್ಳುತ್ತಿದ್ದರು.

ಮುದ್ದು ದೀಪಾವಳಿ ಕಳೆದ ವಾರ ಸತ್ತ. ಹೊಸ ಗುಂಡಿಗೆ ಕಿಟ್ಟು ಆಗಷ್ಟೇ ಗಾಡಿ ಸುರಿದು ಹೋಗಿದ್ದ.

ಅವರದು ಅಳಿಯಕಟ್ಟು. ಗಂಡಸು ಸತ್ತರೆ ಅವನದ್ದೆಲ್ಲ ಅಕ್ಕತಂಗಿಯರ ಮಕ್ಕಳಿಗೆ. ಹೆಂಡತಿ ತನ್ನ ತಾಯಿಮನೆಗೆ. ಅದರಲ್ಲಿ ಯಾರಿಗೂ ಅನ್ಯಾಯ ಕಾಣುತ್ತಿರಲಿಲ್ಲ, ಯಾಕೆಂದರೆ ಎಲ್ಲ ಹೆಂಗಸರಿಗೂ ಎಲ್ಲೋ ಒಂದು ತಾಯಿಮನೆ ಇರುತ್ತದೆ ಎಂದು ಕಟ್ಟಳೆ ಮಾಡಿದವರು ಎಣಿಸಿದ್ದರು. ಅಮ್ಮಣಿಗೆ ಮಕ್ಕಳಿರಲಿಲ್ಲ. ತಾಯಿಮನೆ ಎಂದರೆ ಬಜಪೆಯಲ್ಲಿ ಅಣ್ಣನದು. ಅಲ್ಲಿ ಅವಳಿಗೆ ಅಡುಗೆಮನೆಯ ಮೂಲೆ ಇತ್ತೇ ಹೊರತು ಅಂಗೈಯಗಲ ನೆಲ ಇರಲಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಎಲೆ ಎತ್ತುವ ಮೊದಲೇ ಮುದ್ದುವಿನ ಅಕ್ಕನ ಮಗ, ಅಳಿಯ ಲೀಲಾಧರ ತೋಟಕ್ಕೆ ಒಂದು ಸುತ್ತು ಬಂದ. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಮಣ್ಣೆಂದರೆ ಅಚ್ಚಿಗೆ ಹಾಕಿ ಸುಡುವ ವಸ್ತು ಎಂದು ತಿಳಿದವನು.

"ಮಾಮಿ, ನೀವು ಯಾವಾಗ ಹೊರಡುವುದು?" ಎಂದ.

"ಹೂ ಬಿಡುವವರೆಗಾದ್ರೂ ಇರ್ತೇನೆ ಮಗ. ಗಿಡ ಸವರಿ ಗೊಬ್ಬರ ಹಾಕುವ ಹೊತ್ತು ಇದು."

"ಸವರ್ಲಿಕ್ಕೆ ನನಗೆ ಕೈ ಇಲ್ವಾ? ನೀವು ಇದ್ರೆ ಜನ ಎಂತ ಹೇಳಿಯಾರು? ಮಾಮಿಯನ್ನು ದುಡಿಸಿ ತಿಂತಾನೆ ಅಂತ." ಹೀಗೆ ಹೇಳಿ, ತನ್ನ ಒಳ್ಳೆಯತನಕ್ಕೆ ತಾನೇ ತಲೆಯಾಡಿಸಿದ.

ಅಮ್ಮಣಿ ಮಾರನೆಯ ದಿನ ಹ್ಯೂಬರ್ಟ್ ಪೊರ್ಬುಗಳ ಮನೆಗೆ ಹೋದಳು. ಅವರು ಜಗಲಿಯಲ್ಲಿ ಆರಾಮ ಕುರ್ಚಿಯಲ್ಲಿದ್ದರು. ಹೆಂಡತಿ ಗ್ಲ್ಯಾಡಿಸ್ ಬಾಯಮ್ಮ ಬಾಗಿಲಲ್ಲೇ ನಿಂತಿದ್ದಳು.

"ಪೊರ್ಬುಳೆ, ಗೇಣಿ ನನ್ನ ಹೆಸರಿಗೆ ಮಾಡಿ ಕೊಡಿ."

"ನೋಡು ಅಮ್ಮಣಿ, ನಿಮ್ಮ ಜಾತಿಯ ಕಟ್ಟಳೆಯಲ್ಲಿ ನಾನು ಕೈ ಹಾಕುವುದಿಲ್ಲ. ಮತ್ತೆ, ಆ ಹುಡುಗ ವರ್ಷಕ್ಕೆ ಹತ್ತು ರೂಪಾಯಿ ಜಾಸ್ತಿ ಕೊಡ್ತೇನೆ ಹೇಳಿದ್ದಾನೆ. ಬೇಡ ಹೇಳ್ಲಿಕ್ಕೆ ನನಗೆ ಹುಚ್ಚಾ?"

"ಆ ಮಣ್ಣು ನಾನು ಮಾಡಿದ್ದು."

"ಜಾಗ ಯಾರದ್ದು?"

"ಜಾಗ ನಿಮ್ದು. ಕಲ್ಲು ನಿಮ್ದು. ಮಣ್ಣು ಅಲ್ಲಿ ಇರ್ಲೇ ಇಲ್ಲ."

ಪೊರ್ಬುಗಳಿಗೆ ನಗು ಬಂತು. ಕೆಟ್ಟ ಮನುಷ್ಯರೇನಲ್ಲ, ನಗು ಬಂದರೆ ನಕ್ಕುಬಿಡುವವರು. "ಹಾಗಾದ್ರೆ ಕಲ್ಲು ನನಗೆ ಬಿಟ್ಟು ಮಣ್ಣು ಬುಟ್ಟಿಯಲ್ಲಿ ಹೊತ್ಕೊಂಡು ಹೋಗು ಮಾರಾಯ್ತಿ! ಮರ ನೆಟ್ಟಿದ್ರೆ ಮರಕ್ಕೆ ಬೆಲೆ ಕಟ್ಟಿ ಕೊಡ್ತಿದ್ದೆ. ಬಾವಿ ತೋಡಿದ್ರೆ ಬಾವಿಗೆ. ಮಣ್ಣಿಗೆ ಎಂತ ಬೆಲೆ? ಯಾವ ಕೋರ್ಟಲ್ಲಿ ಉಂಟು?"

"ಇನ್ನು ನನಗೆ ಆದಿತ್ಯವಾರದ ಹೂ ಯಾರು ತರುವುದು?" ಎಂದು ಗ್ಲ್ಯಾಡಿಸ್ ಬಾಯಮ್ಮ ಕೇಳಿದಳು. ಅದಕ್ಕೂ ಅಮ್ಮಣಿಯೇ ಉತ್ತರ ಹೇಳಬೇಕಾಯಿತು: "ಅಳಿಯ ತರ್ತಾನೆ ಬಾಯಮ್ಮ."

ಹೊರಡುವ ದಿನ ಅವಳು ಬಟ್ಟೆ ಗಂಟು ಕಟ್ಟುತ್ತಿದ್ದಾಗ ಲೀಲಾಧರ ಗುಂಡಿಯ ಬಳಿಯಿಂದ ಕರೆದ. ಪಕ್ಕದ ಬೆನಿಟಾ ಕೂಡ ಹರಿವೆ ಕೊಯ್ಯಲು ಬಂದವಳು ಅಲ್ಲೇ ನಿಂತಿದ್ದಳು. ಬೆನಿಟಾ ಇಳಿಜಾರಿನ ಕೆಳಗೆ, ತೋಡಿನ ಬದಿಯಲ್ಲಿ ಒಂಟಿಯಾಗಿದ್ದ ವಿಧವೆ. ನಾಲ್ಕು ಕೋಳಿ, ಒಂದು ಬಸಳೆ ಚಪ್ಪರ, ಒಂದು ಸಿಹಿನೀರಿನ ಬಾವಿ ಅವಳ ಆಸ್ತಿ.

"ಮಾಮಿ, ಗುಂಡಿ ಎರಡು ಉಂಟಲ್ಲ, ಯಾವುದರಿಂದ ಹಾಕುವುದು?"

"ಮಡಲು ಮುಚ್ಚಿದ್ದರಿಂದ. ತೆರೆದದ್ದು ಇನ್ನೆರಡು ಮಳೆ ನೆನೀಬೇಕು. ಅದರಲ್ಲಿ ಉಪ್ಪುಂಟು, ಗಿಡ ಸತ್ತೀತು."

ಲೀಲಾಧರ ಮಡಲು ಸರಿಸಿ ಒಂದು ಹಿಡಿ ತೆಗೆದ. ಮೂಸಿದ. ವಾಸನೆಯಿಲ್ಲ. ಬೆರಳ ಸಂದಿಯಲ್ಲಿ ಕಾಫಿಪುಡಿಯ ಹಾಗೆ ಉದುರಿತು. ಆಮೇಲೆ ತೆರೆದ ಗುಂಡಿಯ ಮೇಲೆ ಬಗ್ಗಿದ. ಅಲ್ಲಿ ನೊಣ ಗುಂಯ್ ಎನ್ನುತ್ತಿತ್ತು, ನಾತ ಕಣ್ಣಿಗೆ ಹೊಡೆಯುತ್ತಿತ್ತು, ಮೀನಿನ ತಲೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅವನು ಬೆನಿಟಾಳನ್ನು ನೋಡಿ ಕಣ್ಣು ಮಿಟುಕಿಸಿದ. "ಮಾಮಿ ಹೇಳಿದ್ರೆ ಹೇಳಿದ ಹಾಗೆ," ಎಂದ.

ಅಮ್ಮಣಿಗೆ ಅಷ್ಟೇ ಸಾಕಾಯಿತು. ಇವನನ್ನು ಅವಳು ಚಡ್ಡಿ ಹಾಕುವ ಪ್ರಾಯದಿಂದ ಬಲ್ಲಳು. ಹಬ್ಬದ ದಿನ ಇವನ ಎಲೆಗೆ ದೊಡ್ಡ ಕಡುಬು ಬಡಿಸಿದರೆ, ಒಳಗೆ ಬೆಂದಿರಲಿಕ್ಕಿಲ್ಲ, ಅದಕ್ಕೇ ನನಗೆ ಹಾಕಿದ್ದಾರೆ ಎಂದು ಪಕ್ಕದವನ ಚಿಕ್ಕ ಕಡುಬು ಕಸಿದು ತಿಂದವನು. ತನ್ನ ಕೈಯಿಂದ ಯಾರಿಗೂ ಒಳ್ಳೆಯದು ಹೋಗುವುದಿಲ್ಲ ಎಂದು ಗೊತ್ತಿರುವವನು ಬೇರೆಯವರ ಕೈಯಿಂದ ಒಳ್ಳೆಯದು ಬಂದೀತೆಂದು ಹೇಗೆ ನಂಬಿಯಾನು? ತಾನೇ ಮನೆಯಿಂದ ಓಡಿಸಿದ ಹೆಂಗಸು ನಿಜ ಹೇಳಿಯಾಳೇ! ಮಾಮಿ ಒಳ್ಳೆಯ ಗೊಬ್ಬರ ಬಚ್ಚಿಟ್ಟು ಬರೀ ಮಣ್ಣು ತೋರಿಸುತ್ತಿದ್ದಾಳೆ ಎಂದು ಅವನ ಮುಖದಲ್ಲಿ ಬರೆದಿತ್ತು.

ಇನ್ನೊಂದು ಸಲ ಹೇಳಿದ್ದರೆ ಆಗುತ್ತಿತ್ತು. ಹೇಳುವುದೂ ಬೇಡ, ತೆರೆದ ಗುಂಡಿಯಿಂದ ಒಂದು ಚಿಟಿಕೆ ತೆಗೆದು "ನಾಲಗೆಗೆ ಇಟ್ಟು ನೋಡು" ಎಂದಿದ್ದರೆ ಮುಗಿಯಿತು. ಅಮ್ಮಣಿ ಅದನ್ನು ಹೇಳಲಿಲ್ಲ. ಗಂಟು ಕಂಕುಳಿಗೆ ಸೇರಿಸಿ, ಚಪ್ಪಲಿ ಇಲ್ಲದ ಕಾಲಲ್ಲಿ ಆ ಮೆತ್ತನೆಯ ಮಣ್ಣನ್ನು ತುಳಿಯುತ್ತ ಇಳಿದುಹೋದಳು.

ಬಜಪೆಗೆ ಹೋಗಲಿಲ್ಲ. ಬೆನಿಟಾ, "ಕೋಳಿ ಮಲಗುವಲ್ಲಿ ನಿನಗೆ ಜಾಗ ಆಗುವುದಿಲ್ವಾ? ಬಾ," ಎಂದಳು. ಅಮ್ಮಣಿ ಅವಳ ಹಿತ್ತಿಲ ಕೆಲಸ ಮಾಡಿಕೊಂಡು ಅವಳ ಗಂಜಿ ಉಂಡುಕೊಂಡು ಉಳಿದಳು. ಅಲ್ಲಿಂದ ತೋಟ ಕಾಣುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಕಿಟ್ಟು ಖಾಲಿ ಗಾಡಿ ನಿಲ್ಲಿಸಿ ಬಂದ. "ಅಮ್ಮಣಿಯಕ್ಕ, ನಿಮ್ಮ ಅಳಿಯ ಎಂತ ಮಾಡ್ತಾ ಇದ್ದಾರೆ? ಹೊಸ ಗುಂಡಿ ಬಳಿದು ಮಲ್ಲಿಗೆ ಬುಡಕ್ಕೆ ಹಾಕಿ ಆಯ್ತು. ಇನ್ನೂ ಎರಡು ಗಾಡಿ ತಾ ಹೇಳಿದ್ದಾರೆ. ನಾವು ಮೊಗವೀರರು, ನಮಗೆ ಗಿಡ ಗೊತ್ತಿಲ್ಲ, ಆದ್ರೆ ಉಪ್ಪು ಗೊತ್ತುಂಟು. ತಂದು ಹಾಕ್ಲಾ?"

"ವ್ಯಾಪಾರ ನಿನ್ನದು ಕಿಟ್ಟು. ಬಾಡಿಗೆ ಕೊಡ್ತಾನಲ್ಲ, ಹಾಕು."

"ನೀವು ಒಂದು ಮಾತು ಹೇಳಿದ್ರೆ..."

"ಹೇಳಿ ಆಗಿದೆ."

ಕಿಟ್ಟು ಅವಳ ಮುಖ ನೋಡಿದ. ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. ಅವನಿಗೂ ಮನೆಯಲ್ಲಿ ತಿನ್ನುವ ಬಾಯಿಗಳಿದ್ದವು. ಎರಡು ಗಾಡಿ ತಂದು ಹಾಕಿದ.

ಲೀಲಾಧರ ಕೆಲಸಗಳ್ಳನಲ್ಲ, ಅದನ್ನು ಹೇಳಲೇಬೇಕು. ಕಾರ್ಖಾನೆಯ ಕೆಲಸ ಬಿಟ್ಟು ಬಂದು ಮೈಮುರಿದು ದುಡಿದ. ತರಗೆಲೆಯ ಹೊದಿಕೆ ಕೊಳಕಾಗಿ ಕಂಡಿತು, ಗುಡಿಸಿ ಸುಟ್ಟು ತೋಟವನ್ನು ದೇವರ ಅಂಗಳದ ಹಾಗೆ ಮಾಡಿದ. ಲಾವಂಚದ ಬೇರಿಗೆ ಪೇಟೆಯಲ್ಲಿ ಬೆಲೆ ಉಂಟೆಂದು ಯಾರೋ ಹೇಳಿದರು; ಸಾಲುಸಾಲೇ ಅಗೆದು, ಬೇರು ತೊಳೆದು, ಕಟ್ಟು ಕಟ್ಟಿ ಮಾರಿದ. ಆ ದುಡ್ಡಲ್ಲಿ ಒಂದು ಕೋಟು ಹೊಲಿಸಿ, ಅದನ್ನು ಹಾಕಿಕೊಂಡೇ ಗಿಡಕ್ಕೆ ನೀರು ಹಾಕಿದ.

ಮೊದಲು ಎಲೆಯ ಅಂಚು ಸುಟ್ಟಿತು, ಬೀಡಿ ತಾಗಿಸಿದ ಹಾಗೆ. ಆಮೇಲೆ ಎಲೆ ಉದುರಿತು. ಬಾಯಾರಿಕೆ ಎಂದು ಅವನು ಇನ್ನಷ್ಟು ನೀರು ಹೊತ್ತ. ಬಿಸಿಲು ನೀರನ್ನು ಹೀರಿದ ಹಾಗೆ ಉಪ್ಪು ಮೇಲಕ್ಕೆ ಬಂದು ಗಿಡದ ಬುಡದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿತು. ಅದನ್ನು ನೋಡಿ ಅವನು ಬೇಲಿಯಾಚೆ ಕೂಗಿದ: "ಕಂಡ್ರಾ ಮಾಮಿ? ಗೊಬ್ಬರವೇ ಹೂ ಬಿಟ್ಟಿದೆ!"

ಬೆನಿಟಾ ಒಲೆಯ ಮುಂದೆ ಕೂತಿದ್ದವಳು ತಿರುಗಿ ಕೇಳಿದಳು. "ಅಮ್ಮಣಿ, ಅವನು ಹಾಕಿದ್ದು ತೆರೆದ ಗುಂಡಿಯದ್ದಲ್ವಾ?"

"ಹೌದು."

"ನೀನು ಹೇಳಿದ್ದನ್ನು ನಾನು ಕೇಳಿದ್ದೇನೆ. ಒಂದೇ ಸಲ ಹೇಳಿದ್ದು ಯಾಕೆ? ನನ್ನ ಕೋಳಿಗೂ ನಾನು ಎರಡು ಸಲ ಹೇಳ್ತೇನೆ."

"ಎರಡನೇ ಸಲ ಹೇಳಿದ್ರೆ ನಂಬ್ತಿದ್ದ."

ಬೆನಿಟಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಒಲೆಯ ಕಡೆ ತಿರುಗಿದಳು.

ಅಮ್ಮಣಿಗೆ ನಿದ್ದೆ ಬಾರದ್ದು ಲೀಲಾಧರನಿಗಾಗಿ ಅಲ್ಲ. ಅವನು ಬೋಳಾಗಲಿ ಎಂದೇ ಕೂತವಳು. ಆದರೆ ಗಿಡಗಳು ಒಂದೊಂದಾಗಿ ಸಾಯುವುದನ್ನು ನೋಡುವುದು ಬೇರೆಯೇ ಆಯಿತು. ಮಲ್ಲಿಗೆ ಸತ್ತರೆ ಮತ್ತೆ ನೆಡಬಹುದು, ಮಣ್ಣೆಲ್ಲಿ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಳೆ ಬಂದರೆ ಉಪ್ಪು ತೊಳೆದುಹೋಗುತ್ತದೆ. ಅಷ್ಟರಲ್ಲಿ ಅವನಿಗೆ ಸಾಕಾಗಿರುತ್ತದೆ. ಪೊರ್ಬುಗಳು ಮತ್ತೆ ನನ್ನನ್ನೇ ಕರೆದಾರು. ಮುಚ್ಚಿದ ಗುಂಡಿ ಹಾಗೇ ಉಂಟಲ್ಲ! ಅವಳ ಲೆಕ್ಕ ಅಷ್ಟಿತ್ತು. ಲಾವಂಚ ಕಿತ್ತದ್ದು ಕಣ್ಣೆದುರೇ ನಡೆದರೂ ಆ ಲೆಕ್ಕಕ್ಕೆ ಅದನ್ನು ಸೇರಿಸಲು ಸಿಟ್ಟು ಬಿಡಲಿಲ್ಲ.

ಚೈತ್ರದಲ್ಲಿ ಊರಿಗೆಲ್ಲ ಮದುವೆ, ಮಲ್ಲಿಗೆಗೆ ಚಿನ್ನದ ಬೆಲೆ. ಲೀಲಾಧರನ ತೋಟದಲ್ಲಿ ಕಡ್ಡಿಗಳು ನಿಂತಿದ್ದವು. ಒಂದು ಸಂಜೆ ಅವನು ಕೋಟು ಇಲ್ಲದೆ ಬೇಲಿಯ ಬಳಿ ಬಂದು ನಿಂತ.

"ಮಾಮಿ, ಎಂತ ಮಾಟ ಮಾಡಿಸಿದ್ರಿ?"

"ಮಾಟ ಎಂತಕ್ಕೆ? ಮಡಲು ಮುಚ್ಚಿದ್ದರಿಂದ ಹಾಕು ಹೇಳಿದ್ದೆ."

"ಸುಳ್ಳು ಹೇಳ್ತಾ ಇದ್ದೀರಿ ಅಂತ ಎಣಿಸಿದೆ."

"ನಂಗೆ ಗೊತ್ತಿತ್ತು."

ಅವನು ಬೈಯಲು ಬಾಯಿ ತೆರೆದ, ಸರಿಯಾದ ಬೈಗುಳ ಸಿಗಲಿಲ್ಲ. ನಿಜ ಹೇಳಿದವಳನ್ನು ಏನೆಂದು ಬೈಯುವುದು? ಮಾರನೆಯ ವಾರ ಹಂಚಿನ ಕಾರ್ಖಾನೆಗೆ ವಾಪಸು ಹೋದ. ಗೇಣಿ ಬಾಕಿಗೆ ಪೊರ್ಬುಗಳು ಅವನ ಹಿಂದೆ ಜನ ಅಟ್ಟಿದರು, ಕೋಟು ಕೂಡ ಅದರಲ್ಲೇ ಹೋಯಿತು. ಅಮ್ಮಣಿ ಅಂದು ಎರಡು ಸಲ ಗಂಜಿ ಬಡಿಸಿಕೊಂಡು ಉಂಡಳು.

ಆಮೇಲೆ ಮಳೆ ಬಂತು. ಪಡುವಣದ ಮೊದಲ ಮಳೆ ಕಡಲನ್ನೇ ಎತ್ತಿ ತಂದು ಸುರಿಯುವಂಥದ್ದು. ಅದನ್ನು ತಡೆಯಲು ಇಳಿಜಾರಿನಲ್ಲಿ ಏನೂ ಇರಲಿಲ್ಲ. ಲಾವಂಚವಿಲ್ಲ, ಹೊದಿಕೆಯಿಲ್ಲ, ಹರಿವೆಯಿಲ್ಲ, ಮಲ್ಲಿಗೆಯ ಬೇರು ಸತ್ತಿದೆ. ಉಪ್ಪು ತಿಂದ ಮಣ್ಣು ಹಿಡಿತ ಬಿಟ್ಟು ಅಂಬಲಿಯಾಗಿತ್ತು. ಅಮ್ಮಣಿ ಮಳೆಗೆ ತಲೆಯ ಮೇಲೆ ಎಲೆಯ ಗೊರಬು ಹೊತ್ತು ಓಡಿದಳು. ಮೇಲಿನಿಂದ ಕಪ್ಪುನೀರು ಇಳಿಯುತ್ತಿತ್ತು. ಕಲ್ಲು ಇಟ್ಟಳು, ಮಡಲು ಅಡ್ಡ ಹಾಕಿದಳು, ಕೊನೆಗೆ ಸೀರೆಯ ಸೆರಗು ಹಿಡಿದಳು. ಮಣ್ಣು ಅವಳ ಕಾಲ ಸಂದಿಯಲ್ಲಿ, ಬೆರಳ ಸಂದಿಯಲ್ಲಿ ಹರಿದುಹೋಯಿತು. ತೋಡು ತುಂಬಿ ಉಕ್ಕಿತು. ಉಕ್ಕಿದ್ದು ಬೆನಿಟಾಳ ಹಿತ್ತಿಲಿಗೆ ನುಗ್ಗಿ, ಬಸಳೆ ಚಪ್ಪರ ಮಗುಚಿ, ಕಟ್ಟೆ ಕಟ್ಟಿಸದ ಅವಳ ಬಾವಿಗೆ ಇಳಿಯಿತು.

ಮಳೆ ಬಿಟ್ಟಾಗ ತೋಟದಲ್ಲಿ ಮುರಕಲ್ಲು ಎದ್ದು ಕೂತಿತ್ತು, ಕೆಂಪಗೆ, ತೊಳೆದು ಇಟ್ಟ ಹಾಗೆ. ಬಾವಿಯಲ್ಲಿ ನೀರಿದ್ದಲ್ಲಿ ಕೆಸರು. ಬೆನಿಟಾ ಒಂದು ಕೊಡ ಎತ್ತಿ, ಬೊಗಸೆ ಬಾಯಿಗೆ ಹಾಕಿ ಉಗುಳಿದಳು.

"ಉಪ್ಪು," ಎಂದಳು.

ಅಮ್ಮಣಿ ಕೊಡಕ್ಕೆ ಬೆರಳದ್ದಿ ನಾಲಗೆಗೆ ಇಟ್ಟಳು.

"ನಿನ್ನ ಅಳಿಯ ನಿನಗೆ ಮಾಡಿದ್ದಕ್ಕೆ ನೀನು ಅವನಿಗೆ ಮಾಡಿದೆ. ಅದು ನಿಮ್ಮ ಒಳಗಿನದ್ದು. ನನ್ನ ಬಾವಿ ನಿನಗೆ ಎಂತ ಮಾಡಿತ್ತು ಅಮ್ಮಣಿ?"

"ತೋಡಿ ತೆಗೀತೇನೆ ಬೆನಿಟಾ ಬಾಯಿ. ನಾನೊಬ್ಬಳೇ ತೆಗೀತೇನೆ."

"ಬೇಡ. ನೀನು ಹೋಗು. ನಿನ್ನ ಮಾತು ಒಂದೇ ಸಲ ಅಲ್ವಾ, ನಾನೂ ಒಂದೇ ಸಲ ಹೇಳುವುದು."

ಬೆನಿಟಾ ಹಾಗೆ ಹೇಳುವಾಗ ಅಳುತ್ತಿದ್ದಳು. ಅದರಿಂದ ಏನೂ ಹಗುರಾಗಲಿಲ್ಲ. ಅಮ್ಮಣಿ ಅದೇ ಗಂಟನ್ನು ಅದೇ ಕಂಕುಳಿಗೆ ಸೇರಿಸಿ ಬಜಪೆಯ ದಾರಿ ಹಿಡಿದಳು.

ಬಿಜೈಯಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದ ಕಾಲ. ಮಳೆ ಮುಗಿಯುತ್ತಲೇ ಹ್ಯೂಬರ್ಟ್ ಪೊರ್ಬುಗಳು ಆ ಇಳಿಜಾರಿನಲ್ಲಿ ಕಲ್ಲುಕೋರೆ ತೆರೆದರು. ಮೇಲ್ಮಣ್ಣು ತೆಗೆಸುವ ಖರ್ಚು ಕೂಡ ಇಲ್ಲ, ಮಳೆಯೇ ತೆಗೆದುಕೊಟ್ಟಿತ್ತು. ಮಲ್ಲಿಗೆ ವರ್ಷವಿಡೀ ಕೊಡುತ್ತಿದ್ದ ಗೇಣಿಯನ್ನು ಕಲ್ಲು ತಿಂಗಳಲ್ಲಿ ಕೊಟ್ಟಿತು.

ಕೋರೆ ಮುಂದುವರಿದು ತೆಂಗಿನ ಬುಡದ ಹತ್ತಿರ ಬಂದಾಗ ಮಡಲು ಮುಚ್ಚಿದ ಗುಂಡಿ ಅಡ್ಡ ಸಿಕ್ಕಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಪೊರ್ಬುಗಳಿಗೆ ಹಳೆಯ ಮಾತು ನೆನಪಾಗಿ ಬಜಪೆಗೆ ಹೇಳಿ ಕಳಿಸಿದರು: ಅಮ್ಮಣಿಯ ಮಣ್ಣು ಸ್ವಲ್ಪ ಉಳಿದಿದೆ, ಬೇಕಾದರೆ ಒಯ್ಯಲಿ, ದುಡ್ಡು ಬೇಡ. ಅಪಹಾಸ್ಯಕ್ಕಲ್ಲ, ನಿಜವಾಗಿಯೂ ಉಪಕಾರ ಎಂದೇ ಹೇಳಿ ಕಳಿಸಿದ್ದು.

ಅವಳು ಬುಟ್ಟಿ ಹಿಡಿದುಕೊಂಡೇ ಬಂದಳು. ಮಡಲು ಸರಿಸಿದಳು. ಕಪ್ಪಗೆ, ತಂಪಾಗಿ, ಕಾಫಿಪುಡಿಯ ಹಾಗೆ ಉದುರುವ ಗೊಬ್ಬರ; ಮೂಸಿದರೆ ಮೊದಲ ಮಳೆಯ ವಾಸನೆ. ಇದಕ್ಕಿಂತ ಒಳ್ಳೆಯದನ್ನು ಅವಳು ಆಯುಷ್ಯದಲ್ಲೇ ಮಾಡಿರಲಿಲ್ಲ. ಒಂದು ಬುಟ್ಟಿ ತುಂಬಿದಳು. ತಲೆಗೆ ಏರಿಸಲು ಬಗ್ಗಿದವಳು ಹಾಗೇ ನಿಂತಳು. ಬಜಪೆಯಲ್ಲಿ ಅಣ್ಣನ ಅಂಗಳ ಅಣ್ಣನ ಹೆಂಡತಿಯದ್ದು. ಬೆನಿಟಾಳ ಹಿತ್ತಿಲಿನ ಬೇಲಿ ಮುಚ್ಚಿತ್ತು.

"ಬೇಗ ಆಗ್ಲಿ ಅಕ್ಕ, ಪಿಕ್ಕಾಸು ಹಾಕ್ಲಿಕ್ಕುಂಟು," ಎಂದ ಕೋರೆಯ ಕೆಲಸದವನು.

ಅಮ್ಮಣಿ ಬುಟ್ಟಿಯನ್ನು ಮತ್ತೆ ಗುಂಡಿಗೇ ಮಗುಚಿ, ಖಾಲಿ ಬುಟ್ಟಿ ಹಿಡಿದುಕೊಂಡು ಹೊರಟಳು. ಲೀಲಾಧರನ ಒಂದು ವರ್ಷ ಹೋಯಿತು, ಬೆನಿಟಾಳ ಬಾವಿ ಹೋಯಿತು, ಪೊರ್ಬುಗಳಿಗೆ ಕಲ್ಲು ಸಿಕ್ಕಿತು. ಅಮ್ಮಣಿಗೆ ಗೊಬ್ಬರ ಉಳಿಯಿತು, ಹಾಕಲು ನೆಲ ಉಳಿಯಲಿಲ್ಲ.